ಮೀನಿನ ವಠಾರ

ಒಂದು ಮನೆಯ ನಡುಮನೆಯಲ್ಲಿ ಏನೇನಿದೆ ಎಂದು ನೋಡಿಯೇ ಆ ಕಾಲದ ಚರಿತ್ರೆಯನ್ನು ಅರ್ಧಕ್ಕರ್ಧ ಬರೆದುಬಿಡಬಹುದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಮ್ಮ ಅಜ್ಜಿಯ ಕಾಲದಲ್ಲಿ ಗೋಡೆಯ ತುಂಬ ದೇವರ ಪಟಗಳಿದ್ದವು. ಅಮ್ಮನ ಕಾಲಕ್ಕೆ ರೇಡಿಯೋ ಬಂತು, ಅದಕ್ಕೊಂದು ಕೈಕಸೂತಿಯ ಹೊದಿಕೆಯೂ ಬಂತು. ನಾವು ಸಂಸಾರ ಹೂಡುವ ಹೊತ್ತಿಗೆ ಗಾಜಿನ ಶೋಕೇಸು, ಅದರೊಳಗೆ ಚನ್ನಪಟ್ಟಣದ ಬೊಂಬೆಗಳು, ಮಕ್ಕಳು ಶಾಲೆಯಲ್ಲಿ ಗೆದ್ದ ಕಪ್ಪುಗಳು. ಈಗ ಮೈಸೂರಿನ ಎಷ್ಟೋ ಮನೆಗಳಲ್ಲಿ ಆ ಶೋಕೇಸಿನ ಜಾಗದಲ್ಲಿ ಕೂತಿರುವುದು ಮೀನಿನ ತೊಟ್ಟಿ. ಬಂದ ನೆಂಟರಿಗೆ ಕಾಫಿ ಕೊಡುವ ಮೊದಲು ತೊಟ್ಟಿಯ ದೀಪ ಹಾಕುವುದು ಒಂದು ಉಪಚಾರವೇ ಆಗಿಬಿಟ್ಟಿದೆ.

ಈ ತೊಟ್ಟಿಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಮೀನುಗಳದ್ದಲ್ಲ. ಒಂದು ಜೊತೆ ಏಂಜೆಲ್, ಒಂದು ಜೊತೆ ಗೌರಾಮಿ, ನಾಲ್ಕಾರು ಟೆಟ್ರಾ, ತಳದಲ್ಲಿ ಗಾಜು ನೆಕ್ಕುತ್ತ ಬಿದ್ದಿರುವ ಒಂದು ಕರಿಯ ಸಕ್ಕರ್ ಮೀನು, ಹೀಗೆ ದೇಶದೇಶದವು ಒಂದೇ ನೀರಿನಲ್ಲಿ. ಹಳೆಯ ಮೈಸೂರಿನ ವಠಾರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು, ಎಂಟು ಸಂಸಾರ. ಸಣ್ಣಪುಟ್ಟ ಜಗಳ, ಮತ್ತೆ ರಾಜಿ. ಆದರೆ ವಠಾರದ ಒಂದು ಮನೆಯಲ್ಲಿ ಬಾಣಂತನ ಬಂತೆಂದರೆ ಇಡೀ ವಠಾರದ ನಡಾವಳಿಯೇ ಬದಲಾಗುತ್ತಿತ್ತಲ್ಲವೆ? ಸಿಕ್ಲಿಡ್ ಎಂಬ ಕುಲದ ಮೀನುಗಳು ಮೊಟ್ಟೆಯಿಟ್ಟಾಗ ತೊಟ್ಟಿಯಲ್ಲಿ ಆಗುವುದೂ ಅದೇ.

ಮೀನುಗಳಲ್ಲಿ ಬಹುಪಾಲು ಮೊಟ್ಟೆ ಚೆಲ್ಲಿ ಮುಂದೆ ಹೋಗುವಂಥವು. ಹುಟ್ಟಿದ್ದು ಬದುಕಿತೋ ಸತ್ತಿತೋ ಎಂಬ ಚಿಂತೆ ಅವಕ್ಕಿಲ್ಲ. ಸಿಕ್ಲಿಡ್‌ಗಳು ಹಾಗಲ್ಲ. ಈ ಕುಲದಲ್ಲಿ ಇದುವರೆಗೆ ಗುರುತಿಸಿರುವುದು 1700ಕ್ಕೂ ಹೆಚ್ಚು ಜಾತಿಗಳು. ಆಫ್ರಿಕದ ದೊಡ್ಡ ಸರೋವರಗಳಲ್ಲಿ, ದಕ್ಷಿಣ ಅಮೆರಿಕದ ನದಿಗಳಲ್ಲಿ ಇವುಗಳ ಮುಖ್ಯ ನೆಲೆ. ರೂಪ, ಬಣ್ಣ, ಆಹಾರ ಎಲ್ಲವೂ ಬೇರೆಬೇರೆಯಾದರೂ ಮಕ್ಕಳನ್ನು ಕಾಯುವ ಬುದ್ಧಿ ಇವೆಲ್ಲಕ್ಕೂ ಉಂಟು. ಕೆಲವದರಲ್ಲಿ ತಂದೆತಾಯಿ ಇಬ್ಬರೂ ಕಾಯುತ್ತಾರೆ, ಕೆಲವದರಲ್ಲಿ ತಾಯಿಯೊಬ್ಬಳೇ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಏಂಜೆಲ್ ಮೀನು ಈ ಕುಲದ್ದೇ. ಡಿಸ್ಕಸ್, ಆಸ್ಕರ್, ತಲೆಯ ಮೇಲೆ ಬುರುಡೆ ಹೊತ್ತ ಫ್ಲವರ್‌ಹಾರ್ನ್ ಕೂಡ.

ಚರಿತ್ರೆಯ ಪಾಠ ಮಾಡುವವಳಾದ್ದರಿಂದ ಈ ತೊಟ್ಟಿ ನಮ್ಮಲ್ಲಿಗೆ ಯಾವ ದಾರಿಯಿಂದ ಬಂತು ಎಂಬ ಕುತೂಹಲ ನನಗೆ. ಮೀನನ್ನು ನೋಡಿ ಸಂತೋಷಪಡುವುದು ಕನ್ನಡ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1127ರಿಂದ 1138ರವರೆಗೆ ಆಳಿದವನು. ಅವನ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಒಂದು ಅಧ್ಯಾಯವಿದೆ. ಮೀನುಗಳ ಹೆಸರು, ಅವು ಸಿಹಿನೀರಿನವೋ ಕಡಲಿನವೋ ಎಂಬುದು, ಯಾವುದಕ್ಕೆ ಯಾವ ತಿನಿಸು ಹಾಕಿ ಒಲಿಸಬೇಕೆಂಬುದು, ಗಾಳ ಹಾಕುವ ಬಗೆ ಎಲ್ಲವನ್ನೂ ಅಲ್ಲಿ ಬರೆದಿದ್ದಾನೆ. ಭಾರತದ ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ಅಧ್ಯಾಯವನ್ನು ಕುರಿತು ಲೇಖನ ಬರೆದು ಲೋಕದ ಗಮನಕ್ಕೆ ತಂದರು. ಅರಸನ ಮಾತು ಬಿಡಿ, ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ, ರಾಮನಾಥಪುರದ ಕಾವೇರಿಯ ದಡದಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಪುರಿ ಹಾಕಿ ಕೈಮುಗಿಯದ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ? ಆದರೆ ಅಲ್ಲೆಲ್ಲ ನಾವೇ ಮೀನಿದ್ದಲ್ಲಿಗೆ ಹೋಗಬೇಕಿತ್ತು. ಮೀನನ್ನು ಮನೆಯೊಳಗೆ ತಂದು, ಪಕ್ಕದಿಂದ ನೋಡಬೇಕಾದರೆ ಗಾಜು ಬೇಕಾಯಿತು.

ಆ ಗಾಜಿನ ಕಥೆಯ ಮೊದಲ ಪುಟಗಳಲ್ಲಿ ಇಬ್ಬರು ಹೆಂಗಸರಿದ್ದಾರೆ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ಮೊದಲನೆಯವಳು ಜೀನ್ ವಿಲ್‌ಪ್ರೂ ಪವರ್. 1794ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಬಟ್ಟೆ ಹೊಲಿಯುವ ಕೆಲಸ ಹಿಡಿದು, ರಾಜಕುಮಾರಿಯೊಬ್ಬಳ ಮದುವೆಯ ಉಡುಪಿಗೆ ಕಸೂತಿ ಹಾಕಿ ಹೆಸರಾದವಳು. ಮದುವೆಯಾಗಿ ಸಿಸಿಲಿಯ ಮೆಸ್ಸಿನಾ ಪಟ್ಟಣಕ್ಕೆ ಬಂದ ಮೇಲೆ ಕಡಲ ಜೀವಿಗಳತ್ತ ಮನಸ್ಸು ಹರಿಯಿತು. ಆರ್ಗೊನಾಟ್ ಎಂಬ ಎಂಟು ತೋಳಿನ ಜೀವಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೋ ಅಥವಾ ಬೇರೆಯ ಪ್ರಾಣಿಯ ಚಿಪ್ಪಿನೊಳಗೆ ಹೋಗಿ ಕೂರುತ್ತದೋ ಎಂದು ಪಂಡಿತರು ವಾದ ಮಾಡುತ್ತಿದ್ದ ಕಾಲ. ಈಕೆ 1832ರ ಸುಮಾರಿಗೆ ಗಾಜಿನ ತೊಟ್ಟಿ ಮಾಡಿಸಿ, ಜೀವಂತ ಆರ್ಗೊನಾಟ್‌ಗಳನ್ನು ಅದರಲ್ಲಿಟ್ಟು, ದಿನದಿನವೂ ನೋಡಿ, ಚಿಪ್ಪು ಅದು ತಾನೇ ಕಟ್ಟಿದ್ದೆಂದು ತೋರಿಸಿಕೊಟ್ಟಳು.

ಎರಡನೆಯವಳು ಇಂಗ್ಲೆಂಡಿನ ಆ್ಯನಾ ಥಿನ್. 1846ರಲ್ಲಿ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ಮನೆಗೆ ತಂದಿಟ್ಟುಕೊಂಡಳು. ನೀರಿಗೆ ಗಾಳಿ ಸೇರದಿದ್ದರೆ ಅವು ಸಾಯುತ್ತವೆ. ವಿದ್ಯುತ್ ಪಂಪು ಇಲ್ಲದ ಕಾಲ. ಮನೆಯ ಕೆಲಸದವಳು ತೆರೆದ ಕಿಟಕಿಯ ಬಳಿ ನಿಂತು ದಿನಾ ಅರ್ಧಮುಕ್ಕಾಲು ಗಂಟೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳಂತೆ, ನಾವು ಕಾಫಿ ಆರಿಸಿದ ಹಾಗೆ. ಒಡತಿಯ ಹೆಸರು ಚರಿತ್ರೆಯಲ್ಲಿ ಉಳಿದಿದೆ; ತೋಳು ನೋಯಿಸಿಕೊಂಡವಳನ್ನು ಪುಸ್ತಕಗಳು ಕೆಲಸದವಳು ಎಂದಷ್ಟೇ ಕರೆಯುತ್ತವೆ. ನಮ್ಮ ತೊಟ್ಟಿಯ ಮೂಲೆಯಲ್ಲಿ ಗುಳುಗುಳು ಎನ್ನುವ ಪುಟ್ಟ ಗಾಳಿಪಂಪನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಅವಳೇ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬಾತ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಶಬ್ದ ಮನೆಮಾತಾಯಿತು. ನಮ್ಮ ದೇಶದಲ್ಲಿ ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯ 1951ರಲ್ಲಿ ಆರಂಭವಾಯಿತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರಲ್ಲಿ. ಮನೆಯ ತೊಟ್ಟಿಗಳು ಹಿಂದೆ ಕಬ್ಬಿಣದ ಚೌಕಟ್ಟಿನವು. ಗಾಜಿನ ಅಂಚಿಗೆ ಪುಟ್ಟಿ ಮೆತ್ತುತ್ತಿದ್ದರು, ಪುಟ್ಟಿ ಒಣಗಿ ನೀರು ಸೋರುತ್ತಿತ್ತು, ಚೌಕಟ್ಟು ತುಕ್ಕು ಹಿಡಿಯುತ್ತಿತ್ತು. ಸಿಲಿಕೋನ್ ಅಂಟು ಬಂದ ಮೇಲೆ ಬರೀ ಗಾಜಿನಿಂದಲೇ ತೊಟ್ಟಿ ಕಟ್ಟುವುದು ಸುಲಭವಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ಮೀನನ್ನು ವಿಮಾನದಲ್ಲಿ ಕಳಿಸುವುದು ಸಾಧ್ಯವಾದ ಮೇಲೆ ಅಮೆಜಾನ್ ನದಿಯೂ ನಮ್ಮ ಬೀದಿಯ ಕೊನೆಗೇ ಬಂತು. ಏಂಜೆಲ್ ಮೀನಿಗೆ 1823ರಲ್ಲೇ ವಿಜ್ಞಾನದ ಹೆಸರು ಬಿದ್ದಿತ್ತು, ಆದರೆ ಅದು ಜೀವಂತವಾಗಿ ಯೂರೋಪಿನ ಮನೆಗಳಿಗೆ ಬರಲು ಇಪ್ಪತ್ತನೆಯ ಶತಮಾನವೇ ಬೇಕಾಯಿತು. ಈಗ ಅದು ಅಮೆಜಾನಿನಿಂದ ಬರಬೇಕಾಗಿಯೂ ಇಲ್ಲ. ಚೆನ್ನೈಯ ಕೊಳತ್ತೂರಿನಂಥ ಕಡೆ ಸಿಮೆಂಟಿನ ತೊಟ್ಟಿಗಳಲ್ಲೇ ಮರಿಯಾಗುತ್ತವೆ.

ಮನೆಯ ತೊಟ್ಟಿಯಲ್ಲಿ ಮರಿಯಾಗುವುದನ್ನು ನಾನು ಹತ್ತಿರದಿಂದ ಕಂಡದ್ದು ನಮ್ಮ ಬೀದಿಯ ಹಿರಿಯರೊಬ್ಬರ ಮನೆಯಲ್ಲಿ. ಅವರನ್ನು ನಾನು ಅಕ್ಕ ಎಂದೇ ಕರೆಯುವುದು. ಮಗ ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವಾಗ ತನ್ನ ತೊಟ್ಟಿಯನ್ನು ಅಮ್ಮನ ಕೊರಳಿಗೆ ಕಟ್ಟಿಹೋದ. "ಮಗನಿಗೆ ಬಾಣಂತನ ಮಾಡಿದ್ದಾಯಿತು, ಈಗ ಅವನ ಮೀನಿಗೂ ನಾನೇ" ಎಂದು ಗೊಣಗುತ್ತಲೇ ದಿನಾ ಊಟ ಹಾಕುತ್ತಿದ್ದರು. ಒಂದು ದಿನ ಎರಡು ಏಂಜೆಲ್‌ಗಳು ಒಂದು ಮೂಲೆ ಹಿಡಿದು, ಅಲ್ಲಿಗೆ ಬಂದ ಗೌರಾಮಿಯನ್ನು ಅಟ್ಟತೊಡಗಿದವು. ನಿಲ್ಲಿಸಿದ್ದ ಒಂದು ಚಪ್ಪಡಿಕಲ್ಲನ್ನು ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡಿದವು. ಸಂಜೆಗೆ ಕಲ್ಲಿನ ತುಂಬ ಸಾಲಾಗಿ ಸಾಬೂದಾನಿಗಿಂತ ಎಷ್ಟೋ ಸಣ್ಣ ಮೊಟ್ಟೆಗಳು. ಹೆಣ್ಣೂ ಗಂಡೂ ಸರದಿಯ ಮೇಲೆ ರೆಕ್ಕೆಯಿಂದ ಗಾಳಿ ಹಾಕುತ್ತಿದ್ದವು, ಬಿಳಿಚಿಕೊಂಡ ಕೆಟ್ಟ ಮೊಟ್ಟೆಗಳನ್ನು ಆರಿಸಿ ತೆಗೆಯುತ್ತಿದ್ದವು. ಬೆಳಗಾಗುವ ಹೊತ್ತಿಗೆ ಒಂದೂ ಇರಲಿಲ್ಲ. ಇನ್ನೊಮ್ಮೆಯೂ ಹಾಗೆಯೇ. "ಹೆತ್ತವರೇ ತಿಂದರೆ ಇನ್ನಾರನ್ನು ಕೇಳೋದು, ಹೇಳು" ಎಂದು ಅಕ್ಕ ನನ್ನ ಬಳಿ ಬೇಜಾರು ಮಾಡಿಕೊಂಡರು.

ಅಂಗಡಿಯ ಹುಡುಗ ಇದರ ಗುಟ್ಟು ಹೇಳಿದ. ಮೊದಲ ಸಲದ ಜೋಡಿಗಳು ಗಾಬರಿಯಲ್ಲಿ ಹೀಗೆ ಮಾಡುವುದುಂಟು. ಸುತ್ತ ಬೇರೆ ಮೀನುಗಳಿದ್ದರೆ, ಹೊರಗೆ ಜನ ಓಡಾಡಿದರೆ ಗಾಬರಿ ಇನ್ನೂ ಹೆಚ್ಚು. ಮಾರಾಟಕ್ಕೆ ಸಾಕುವವರು ಕಲ್ಲನ್ನೇ ತೆಗೆದು ಬೇರೆ ತೊಟ್ಟಿಯಲ್ಲಿಟ್ಟು ಮರಿಮಾಡುತ್ತಾರೆ. ತಲೆಮಾರುಗಟ್ಟಲೆ ಹಾಗೆ ಮಾಡಿದ್ದರಿಂದಲೇ ಅಂಗಡಿಯ ಏಂಜೆಲ್‌ಗಳಿಗೆ ಮಕ್ಕಳನ್ನು ಸಾಕುವುದು ಮರೆತುಹೋಗಿದೆ ಎಂದು ಸಾಕುವವರೇ ಹೇಳುತ್ತಾರೆ. ಮೂರನೆಯ ಸಲ ಅಕ್ಕ ಕಲ್ಲನ್ನು ತೆಗೆಯಲಿಲ್ಲ, ನೆರೆಹೊರೆಯನ್ನೇ ತೆಗೆದರು. ಗೌರಾಮಿ, ಟೆಟ್ರಾ ಎಲ್ಲ ಒಂದು ಪ್ಲಾಸ್ಟಿಕ್ ಟಬ್ಬಿಗೆ. ತೊಟ್ಟಿಗೆ ಮೂರು ಕಡೆ ಹಳೆಯ ಸೀರೆಯ ಮರೆ. ಎರಡು ದಿನಕ್ಕೆ ಮೊಟ್ಟೆಯೊಡೆದು, ಮರಿಗಳು ಕಲ್ಲಿಗೆ ಅಂಟಿಕೊಂಡೇ ಬಾಲ ಆಡಿಸತೊಡಗಿದವು. ಕೆಳಗೆ ಉದುರಿದ್ದನ್ನು ತಂದೆತಾಯಿ ಬಾಯಲ್ಲಿ ಹಿಡಿದು ಮತ್ತೆ ಕಲ್ಲಿಗೆ ಉಗುಳುತ್ತಿದ್ದವು. ವಾರಕ್ಕೆಲ್ಲ ಮೋಡದ ಹಾಗೆ ಒಂದು ಹಿಂಡು ಎದ್ದು ಈಜಿತು. ಉಪ್ಪುನೀರಿನ ಬಾಟಲಿಯಲ್ಲಿ ಆರ್ಟೀಮಿಯ ಎಂಬ ಸೂಕ್ಷ್ಮ ಸಿಗಡಿಯ ಮೊಟ್ಟೆ ಹಾಕಿ, ಪಂಪಿನ ಗಾಳಿ ಬಿಟ್ಟು, ಮರುದಿನ ಅದನ್ನು ಬಟ್ಟೆಯಲ್ಲಿ ಸೋಸಿ ಮರಿಗಳಿಗೆ ಹಾಕುವುದು. ಈರುಳ್ಳಿಯೂ ಇಲ್ಲದ ಆ ಅಡುಗೆಮನೆಯ ಕಟ್ಟೆಯ ಮೇಲೆ ಸಿಗಡಿಯ ಬಾಟಲಿ! ನೂರಾರು ಮರಿಗಳಲ್ಲಿ ಕೊನೆಗೆ ನಿಂತವು ಮೂವತ್ತನಾಲ್ಕು.

ಮೂವತ್ತನಾಲ್ಕನ್ನು ಏನು ಮಾಡುವುದು? ಎರಡಡಿಯ ತೊಟ್ಟಿಯಲ್ಲಿ ಅವು ಬೆಳೆದರೆ ನೀರು ಕೆಡುತ್ತದೆ, ಕಾದಾಟ ಶುರುವಾಗುತ್ತದೆ. ಅವರ ಮನೆಗೆ ಬಂದಿದ್ದ ನೆಂಟರ ಹುಡುಗನೊಬ್ಬ, "ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡಿ ಅಜ್ಜಿ, ಆರಾಮಾಗಿರುತ್ತವೆ, ಪುಣ್ಯಾನೂ ಬರತ್ತೆ" ಅಂದ. ಕೇಳುವುದಕ್ಕೆ ಎಷ್ಟು ಒಳ್ಳೆಯ ಮಾತು! ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ, ಕುವೆಂಪು ಅವರು ದಿನವೂ ಸುತ್ತಿದ ಆ ಕೆರೆಗೆ ಮೂವತ್ತನಾಲ್ಕು ಏಂಜೆಲ್‌ಗಳು ಹೆಚ್ಚೇ ಎಂದು ಯಾರಿಗಾದರೂ ಅನ್ನಿಸೀತು. ಅಕ್ಕ ನನ್ನ ಮುಖ ನೋಡಿದರು. ಆಗ ನಾನು ಅವರಿಗೆ ಹೇಳಿದ್ದು ಇದೇ ಕುಲದ ಇನ್ನೊಂದು ಮೀನಿನ ಕಥೆ.

ನಮ್ಮ ಕಡೆ ಅದನ್ನು ಜಿಲೇಬಿ ಮೀನು ಎನ್ನುತ್ತಾರೆ. ಹೆಸರು ಸಿಹಿಯಾದದ್ದು. ಪುಸ್ತಕದ ಹೆಸರು ಮೊಜಾಂಬಿಕ್ ತಿಲಾಪಿಯ. ತವರು ಆಫ್ರಿಕದ ಆಗ್ನೇಯ ಭಾಗ, ಜಾಂಬೆಜಿ ನದಿಯ ಕೆಳಪಾತ್ರ. ಇದರ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಅಷ್ಟು ದಿನ ಅದಕ್ಕೆ ಊಟವೆಂಬುದೇ ಇಲ್ಲದಂತೆ. ಮರಿಗಳು ಈಜಲು ಕಲಿತ ಮೇಲೂ ಅಪಾಯ ಕಂಡರೆ ಓಡಿಬಂದು ತಾಯಿಯ ಬಾಯೊಳಗೇ ಸೇರುತ್ತವೆ. 1930ರ ದಶಕದ ಕೊನೆಯಲ್ಲಿ ಜಾವಾ ದ್ವೀಪದಲ್ಲಿ ಈ ಮೀನು ಸಿಕ್ಕಿ, ಅಲ್ಲಿಂದ ಏಷ್ಯದ ದೇಶಗಳಿಗೆ ಹಬ್ಬಿತು. ಎರಡನೆಯ ಮಹಾಯುದ್ಧ ಮುಗಿದಿತ್ತು, ಬಂಗಾಳದ 1943ರ ಕ್ಷಾಮದ ನೆನಪು ಇನ್ನೂ ಮಾಸಿರಲಿಲ್ಲ. ಕೊಟ್ಟಿದ್ದನ್ನು ತಿಂದು, ಎಂಥ ನೀರಿನಲ್ಲೂ ಬದುಕಿ, ಎರಡು ಮೂರು ತಿಂಗಳಿಗೇ ಮರಿ ಹಾಕುವ ಮೀನು ಬಡವರ ತಟ್ಟೆ ತುಂಬೀತು ಎಂಬ ಆಸೆ. 1952ರಲ್ಲಿ ಬ್ಯಾಂಕಾಕಿನಿಂದ, ಆಮೇಲೆ ಸಿಲೋನಿನಿಂದ ಅದು ರಾಮೇಶ್ವರದ ಹತ್ತಿರದ ಮಂಡಪಂ ಸಂಶೋಧನಾ ಕೇಂದ್ರಕ್ಕೆ ಬಂತು. ತಂದವರ ಉದ್ದೇಶದಲ್ಲಿ ಯಾವ ದೋಷವೂ ಇರಲಿಲ್ಲ.

ಆದರೆ ಯಾವ ಗುಣ ಮೆಚ್ಚಿ ತಂದರೋ ಅದೇ ಮುಳುವಾಯಿತು. ಮರಿಗಳನ್ನು ಅಷ್ಟು ಚೆನ್ನಾಗಿ ಕಾಯುವ ಮೀನಿನ ಮರಿಗಳಲ್ಲಿ ಸಾಯುವವು ಕಡಿಮೆ. ಕೆರೆಗಳಲ್ಲಿ ಅವು ಇಕ್ಕಿರಿದವು. ಇಕ್ಕಿರಿದಲ್ಲಿ ಯಾವುದೂ ದೊಡ್ಡದಾಗಿ ಬೆಳೆಯಲಿಲ್ಲ, ಅಂಗೈಯಗಲವಾಗುವ ಮೊದಲೇ ಮತ್ತೆ ಮರಿ ಹಾಕಿದವು. ನಾಟಿ ಮೀನುಗಳ ಮೇವಿಗೂ ಜಾಗಕ್ಕೂ ಪೈಪೋಟಿ ಬಂತು. 1959ರಲ್ಲಿ ಭಾರತದ ಮೀನುಗಾರಿಕೆ ಸಂಶೋಧನಾ ಸಮಿತಿ ಇದನ್ನು ಹಬ್ಬಿಸಕೂಡದೆಂದು ನಿಷೇಧ ಹಾಕಿತು. ತಂದು ಏಳೇ ವರ್ಷ! ಆದರೆ ನೀರಿಗೆ ಬಿದ್ದ ಮೀನು ಆಜ್ಞೆ ಓದುತ್ತದೆಯೇ? ಇವತ್ತು ಮೈಸೂರು ಸೀಮೆಯ ಕೆರೆಗಳಲ್ಲಿ ಬಲೆ ಎಳೆದರೆ ಜಿಲೇಬಿ ಬೀಳದಿರುವುದು ಅಪರೂಪ. ಮಾರುವವಳಿಗೆ ಅದರಿಂದ ನಾಲ್ಕು ಕಾಸು, ಕೊಳ್ಳುವವಳಿಗೆ ಅಗ್ಗದ ಸಾರು ಸಿಗುತ್ತದೆ ಎಂಬುದೂ ನಿಜವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ವಿಚಿತ್ರವೆಂದರೆ, ಲೋಕವನ್ನೆಲ್ಲ ತುಂಬಿದ ಈ ಮೀನಿಗೆ ತನ್ನ ತವರಿನಲ್ಲೇ ಕುತ್ತು ಬಂದಿದೆ. ಅಲ್ಲಿಗೆ ಮನುಷ್ಯರು ತಂದುಬಿಟ್ಟ ನೈಲ್ ತಿಲಾಪಿಯದೊಡನೆ ಬೆರೆತು ಶುದ್ಧ ತಳಿ ಕರಗುತ್ತಿದೆ.

ನಮ್ಮ ತರಗತಿಯಲ್ಲಿ ಪೋರ್ಚುಗೀಸರು ತಂದ ಮೆಣಸಿನಕಾಯಿಯ ಪಾಠ ಮಾಡುವಾಗ ಮಕ್ಕಳಿಗೆ ಖುಷಿ. ಮೆಣಸಿನಕಾಯಿ ಇಲ್ಲದ ಹುಳಿಯನ್ನು ಅವರು ಊಹಿಸಲಾರರು. ಬಂದದ್ದೆಲ್ಲ ಕೆಟ್ಟದ್ದೆಂದು ಚರಿತ್ರೆ ಹೇಳುವುದಿಲ್ಲ. ಆದರೆ ಅದೇ ಮಕ್ಕಳನ್ನು ಬಂಡೀಪುರಕ್ಕೆ ಕರೆದುಕೊಂಡು ಹೋದಾಗ ದಾರಿಯ ಎರಡೂ ಕಡೆ ಒತ್ತಾಗಿ ಬೆಳೆದ ಲಂಟಾನವನ್ನೂ ತೋರಿಸುತ್ತೇನೆ. ಅದೂ ಹೂವು ಚೆಂದವೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟಕ್ಕೆ ತಂದದ್ದೇ. ತೋಟದ ಬೇಲಿ ದಾಟಿದ ಮೇಲೆ ಅದನ್ನು ಹಿಡಿಯುವವರಿಲ್ಲ.

ಇನ್ನು ನಮ್ಮವೇ ಆದ ಸಿಕ್ಲಿಡ್‌ಗಳಿಲ್ಲವೇ ಎಂದು ಅಕ್ಕ ಕೇಳಿದರು. ಇವೆ, ಮೂರೇ ಮೂರು. ಅವುಗಳ ಹತ್ತಿರದ ನೆಂಟರಿರುವುದು ಮಡಗಾಸ್ಕರ್ ದ್ವೀಪದಲ್ಲಿ. ಭಾರತವೂ ಮಡಗಾಸ್ಕರೂ ಅಂಟಿಕೊಂಡಿದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ ಬೇರೆಯಾದವಲ್ಲ, ಆಗಿನ ಪಾಲುವಿಭಾಗದ ನೆನಪು ಇದು ಎನ್ನುವವರಿದ್ದಾರೆ. ಇಲ್ಲ, ಆಮೇಲೆ ಕಡಲು ದಾಟಿದವು ಎನ್ನುವವರೂ ಇದ್ದಾರೆ. ಮೂರರಲ್ಲಿ ದೊಡ್ಡದು ಕರಿಮೀನು. ಕಾಸರಗೋಡಿನ ಕನ್ನಡಿಗರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. 2010ರಲ್ಲಿ ಕೇರಳ ಇದನ್ನು ರಾಜ್ಯದ ಮೀನೆಂದು ಸಾರಿತು. ಎರಡನೆಯದು ಪುಟ್ಟದು, ಕಿತ್ತಳೆ ಬಣ್ಣದ್ದು, ಅಲ್ಲಿಯವರು ಪಳ್ಳತ್ತಿ ಎನ್ನುತ್ತಾರೆ. ಈ ಎರಡಕ್ಕೂ ವಿಜ್ಞಾನದ ಹೆಸರಿಟ್ಟವನು ಬರ್ಲಿನ್ನಿನ ವೈದ್ಯ ಬ್ಲಾಕ್, 1790 ಮತ್ತು 1795ರಲ್ಲಿ. ಪಳ್ಳತ್ತಿಯ ಮರಿಗಳು ತಂದೆತಾಯಿಯ ಮೈಗೆ ಬಂದು ಬಂದು ತಾಕುತ್ತವೆ, ಮೈಮೇಲಿನ ಲೋಳೆಯನ್ನೇ ತಿನ್ನುತ್ತವೆ. 1967ರಲ್ಲಿ ವಾರ್ಡ್ ಮತ್ತು ಬಾರ್ಲೋ ಎಂಬ ವಿಜ್ಞಾನಿಗಳು ಇದನ್ನು ಕುರಿತು ವಿವರವಾಗಿ ಬರೆದರು. ಮೀನಿನಲ್ಲೂ ಮೊಲೆಯೂಡಿಸಿದಂಥ ಒಂದು ಏರ್ಪಾಡು! ಇದೇ ಪಳ್ಳತ್ತಿ ತನ್ನ ದೊಡ್ಡ ದಾಯಾದಿ ಕರಿಮೀನಿನ ಮೈ ರೆಕ್ಕೆಗಳನ್ನು ಶುಚಿ ಮಾಡುವುದೂ ಉಂಟು, ಸಮಯ ಸಿಕ್ಕರೆ ಅದರ ಮೊಟ್ಟೆ ತಿನ್ನುವುದೂ ಉಂಟು. ವಠಾರದ ನೀತಿ ನೀರಿನಲ್ಲೂ ಬೇರೆಯಲ್ಲ.

ಮೂರನೆಯದು ಅಪ್ಪಟ ನಮ್ಮ ನಾಡಿನದು. ಮದರಾಸು ಸೇನೆಯ ವೈದ್ಯನಾಗಿ ಬಂದು ಭಾರತದ ಮೀನುಗಳ ಮೇಲೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ, 1877ರಲ್ಲಿ ಇದನ್ನು ದಕ್ಷಿಣ ಕನ್ನಡದಿಂದ ವಿವರಿಸಿದ. ಕೆನರಾ ಜಿಲ್ಲೆಯ ಹೆಸರನ್ನೇ ಹೊತ್ತು ಎಟ್ರೋಪ್ಲಸ್ ಕೆನರೆನ್ಸಿಸ್ ಆಯಿತು. ಮೈಮೇಲೆ ಕರಿಯ ಅಡ್ಡಪಟ್ಟೆ, ಮುತ್ತಿನಂಥ ಚುಕ್ಕೆ. ಇದು ಸಿಗುವುದು ನೇತ್ರಾವತಿ, ಕುಮಾರಧಾರೆಗಳ ಸೀಮೆಯ ಸಿಹಿನೀರಿನಲ್ಲಿ, ಲೋಕದಲ್ಲಿ ಬೇರೆಲ್ಲೂ ಇಲ್ಲ. ಧರ್ಮಸ್ಥಳದ ನೇತ್ರಾವತಿಯಲ್ಲಿ ಮಿಂದು, ಕುಕ್ಕೆಯ ಕುಮಾರಧಾರೆಯಲ್ಲಿ ಕಾಲು ತೊಳೆದು ಬಂದ ನಾವು, ಆ ನೀರಿನಲ್ಲಿ ಇಂಥದೊಂದಿದೆ ಎಂದು ತಿಳಿಯದೆಯೇ ಬಸ್ಸು ಹತ್ತಿದ್ದೇವೆ. ಹೊರದೇಶದ ಮೀನುಪ್ರಿಯರು ಮಾತ್ರ ಇದನ್ನು ಬಲ್ಲರು, ಆಸೆಪಟ್ಟು ಸಾಕುತ್ತಾರೆ. ಅಳಿವಿನ ಅಪಾಯವಿರುವ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ. ಒಂದೆರಡು ನದಿಗಳಲ್ಲಷ್ಟೇ ಬದುಕುವ ಜೀವಕ್ಕೆ, ಆ ನದಿಗೆ ಏನಾದರೂ ಆದರೆ ಹೋಗಲು ಇನ್ನೊಂದು ಮನೆಯಿಲ್ಲ. ಮರಳು ತೆಗೆಯುವುದು, ಅಣೆಕಟ್ಟು, ಊರಿನ ಕೊಳೆ, ಹೊರಗಿನ ಮೀನು, ಯಾವುದು ಬಂದರೂ ಅದು ಅಲ್ಲೇ ಎದುರಿಸಬೇಕು.

ಇದನ್ನೆಲ್ಲ ಕೇಳಿ ಅಕ್ಕ ಮೀನನ್ನು ಕೆರೆಗೆ ಬಿಡಲಿಲ್ಲ. ಇಪ್ಪತ್ತನ್ನು ಅಂಗಡಿಯವನು ತೆಗೆದುಕೊಂಡ, ಬದಲಿಗೆ ಆರು ತಿಂಗಳ ಮೀನಿನ ಆಹಾರ ಕೊಟ್ಟ. ಉಳಿದವು ಬೀದಿಯ ಮನೆಗಳಿಗೂ ನಮ್ಮ ಶಾಲೆಯ ವಿಜ್ಞಾನದ ಕೋಣೆಗೂ ಹೋದವು. ಏಂಜೆಲ್ ಮೀನು ಜಿಲೇಬಿಯಷ್ಟು ಗಟ್ಟಿಗನಲ್ಲ, ಕೆರೆಯಲ್ಲಿ ಬದುಕುತ್ತಿತ್ತೋ ಇಲ್ಲವೋ, ಕೊಕ್ಕರೆಗೆ ಒಂದು ಹೊತ್ತಿನ ಊಟವಾಗುತ್ತಿತ್ತೋ ಏನೋ ಎಂದು ನೀವು ಹೇಳಬಹುದು. ಸರಿ. ಆದರೆ ತೊಟ್ಟಿಯ ತಳದಲ್ಲಿ ಗಾಜು ನೆಕ್ಕುವ ಆ ಸಕ್ಕರ್ ಮೀನು ಅಡಿಗಟ್ಟಲೆ ಬೆಳೆದಾಗ ಜನ ಅದನ್ನೂ ಹೀಗೆಯೇ ಬಿಟ್ಟರು, ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಇಂದು ಅದು ಬೆಸ್ತರ ಬಲೆ ಹರಿಯುತ್ತಿದೆ. ಅದೃಷ್ಟ ತರುತ್ತದೆಂದು ಸಾವಿರಾರು ರೂಪಾಯಿ ಕೊಟ್ಟು ತಂದ ಫ್ಲವರ್‌ಹಾರ್ನ್ ಸಾಕಾಗಿ ಹೋದಾಗಲೂ ಕೆರೆಯೇ ಕಣ್ಣಿಗೆ ಬೀಳುತ್ತದೆ.

ತೊಟ್ಟಿ ಇಟ್ಟುಕೊಳ್ಳಬೇಡಿ ಎಂದು ನಾನು ಹೇಳುವವಳಲ್ಲ. ತಮ್ಮ ಮಕ್ಕಳ ಸುತ್ತ ಸುಳಿಯುವ ಒಂದು ಜೋಡಿ ಮೀನನ್ನು ಅರ್ಧ ಗಂಟೆ ನೋಡಿದ ಮಗುವಿಗೆ ಯಾವ ಪುಸ್ತಕವೂ ಕೊಡದ ಒಂದು ಪಾಠ ಸಿಗುತ್ತದೆ. ನಲ್ಲಿಯ ನೀರನ್ನು ಒಂದು ದಿನ ಹಿಡಿದಿಟ್ಟು ಹಾಕಿ, ಬಾಣಂತಿ ಜೋಡಿಗೆ ಬೇರೆ ಜಾಗ ಕೊಡಿ, ಮರಿಗಳನ್ನು ಯಾರಿಗೆ ಕೊಡುವಿರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಸಾಕಾಯಿತೆಂದರೆ ಅಂಗಡಿಗೆ ಹಿಂದಿರುಗಿಸಿ, ಬೇಕೆಂದವರ ಮನೆಗೆ ಕಳಿಸಿ. ಮುಂದಿನ ಸಲ ಮಕ್ಕಳು ಮೊಮ್ಮಕ್ಕಳೊಡನೆ ಕುಕ್ಕೆಗೆ ಹೋದಾಗ, ಸ್ನಾನ ಮುಗಿಸಿ ಅವಸರದಲ್ಲಿ ಹೊರಡುವ ಮೊದಲು, ಕುಮಾರಧಾರೆಯ ಕಲ್ಲುಗಳ ನಡುವೆ ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿ. ಪಟ್ಟೆಯ ಮೀನು ಕಾಣಿಸದಿದ್ದರೂ, ಆ ಹೆಸರೊಂದನ್ನು ಮಕ್ಕಳಿಗೆ ಹೇಳಿಬನ್ನಿ.